ಎರಡು ಮೀಟರ್ ಸ್ಟಾಮೆನ್

ನಮ್ಮ ಕಟ್ಟಡದ ನೆಲಮಹಡಿಯಲ್ಲಿದ್ದ ಸ್ಟಾಮೆನ್ ದುಕೊವ್‌ಗೆ ಕಪ್ಪು ಸಮುದ್ರದ ದಡದ ವಾರ್ನಾ ಊರಿನ ಆಸ್ಪರೂಹೊವೊ ಬಡಾವಣೆಯಲ್ಲಿ ಎರಡು ಹೆಸರು. ಎದುರಿಗೆ ಸ್ಟಾಮೆನಣ್ಣ, ಬೆನ್ನ ಹಿಂದೆ ‘ಎರಡು ಮೀಟರ್’. ಎರಡನೆಯ ಹೆಸರು ಕೇಳಿ ಬಂದ ಹೊಸಬರು ಎತ್ತರದ ಆಳನ್ನು ನಿರೀಕ್ಷಿಸುತ್ತಿದ್ದರು. ಅವನು ಕುಳ್ಳ. ಜಲಾಂತರ್ಗಾಮಿಯ ಕಿರಿದಾದ ಬಾಗಿಲುಗಳಲ್ಲಿ ತಲೆ ತಾಗದೆ ಓಡಾಡಲಿ ಎಂದು ಕುಳ್ಳರನ್ನೇ ಆರಿಸಿಕೊಳ್ಳುತ್ತಿದ್ದ ಕಾಲದವನು. ಎರಡು ಮೀಟರ್ ಎಂಬುದು ಅವನ ಮೇಲೆ ಹೊರಿಸಿದ ತಪ್ಪಿನ ಅಳತೆ. ಆ ತಪ್ಪು ತನ್ನದಲ್ಲ ಎಂದು ತೋರಿಸುವುದರಲ್ಲೇ ಅವನ ಬದುಕಿನ ಹೆಚ್ಚಿನ ಭಾಗ ಕಳೆದುಹೋಯಿತು.

ನಡೆದದ್ದು ಇಷ್ಟು. ಹಳೆಯ ಸರ್ಕಾರ ಬೀಳುವುದಕ್ಕೆ ಕೆಲವು ವರ್ಷ ಮುಂಚೆ, ಒಂದು ನವೆಂಬರಿನಲ್ಲಿ, ವಾರ್ನಾ ಕೊಲ್ಲಿಯ ಆಚೆ ಟಾರ್ಪಿಡೊ ಅಭ್ಯಾಸ ನಡೆದಿತ್ತು. ಸಿಡಿಮದ್ದಿಲ್ಲದ ಟಾರ್ಪಿಡೊ. ಅದು ತೇಲುಗುರಿಯೊಂದರ ಅಡಿಯಿಂದ ಹಾದುಹೋಗಬೇಕು, ಓಟ ಮುಗಿದ ಮೇಲೆ ಒಂದು ದೋಣಿ ಅದನ್ನು ಎತ್ತಿಕೊಂಡು ಬರಬೇಕು. ಸ್ಟಾಮೆನ್ ಟಾರ್ಪಿಡೊ ಕೋಣೆಯ ಮೇಲ್ವಿಚಾರಕ. ಕ್ಯಾಪ್ಟನ್ ವಾಂಗೆಲೊವ್ ಮೊದಲು ಎರಡು ಮೀಟರ್ ಆಳವೆಂದು ಆಜ್ಞೆ ಕೊಟ್ಟ, ಹಾಗೆಯೇ ಹೊಂದಿಸಿದರು. ಅಷ್ಟರಲ್ಲಿ ಈಶಾನ್ಯದ ಗಾಳಿ ಎದ್ದು ಸಮುದ್ರ ಒರಟಾಯಿತು. ಆಜ್ಞೆ ನಾಲ್ಕು ಮೀಟರಿಗೆ ಬದಲಾಯಿತು. ಆಳವನ್ನು ಟಾರ್ಪಿಡೊ ಬಿಡುವ ಕೊಳವೆಯ ಹೊರಗಿನಿಂದ ಕೀಲಿ ತಿರುಗಿಸಿ ಹೊಂದಿಸುತ್ತಾರೆ. ತಿರುಗಿಸುವವನು ಅಂಕೆಯನ್ನು ಕೂಗಬೇಕು, ಪಕ್ಕದವನು ಆಳ ತೋರಿಸುವ ಮುಳ್ಳನ್ನು ನೋಡಿ ಅದೇ ಅಂಕೆಯನ್ನು ಮರಳಿ ಕೂಗಬೇಕು. ಸ್ಟಾಮೆನ್ ನಾಲ್ಕು ಎಂದು ಕೂಗಿದ. ಪಕ್ಕದಲ್ಲಿದ್ದ ಕಾಂಚೋ ನಾಲ್ಕು ಎಂದು ಮರಳಿ ಕೂಗಿದ. ಟಾರ್ಪಿಡೊ ಹೊರಟಿತು. ಅರ್ಧ ದಾರಿಯಲ್ಲಿ ಅಲೆಯಿಂದ ಹೊರಕ್ಕೆ ನೆಗೆದು, ದಿಕ್ಕು ತಪ್ಪಿ, ಎತ್ತಿಕೊಳ್ಳಲು ಕಾದಿದ್ದ ದೋಣಿಗೇ ಬಡಿಯಿತು. ದೋಣಿಯ ಮೂತಿಯಲ್ಲಿ ಕೊಕ್ಕೆ ಹಿಡಿದು ನಿಂತಿದ್ದ ಝೆಲ್ಯಾಸ್ಕೋ ಎಂಬ ನಾವಿಕ ಸತ್ತ. ಟಾರ್ಪಿಡೊ ಮುಳುಗಿತು, ಮತ್ತೆ ಸಿಗಲಿಲ್ಲ.

ವಿಚಾರಣೆಗೆ ಬಂದವರ ತರ್ಕ ಸರಳವಾಗಿತ್ತು. ಆಜ್ಞೆ ಸರಿ, ಕೂಗು ಸರಿ, ಮರುಕೂಗೂ ಸರಿ. ನಾಲ್ಕು ಮೀಟರ್ ಆಳದಲ್ಲಿ ಓಡುವ ಟಾರ್ಪಿಡೊ ಅಂಥ ಅಲೆಗೆ ನೆಗೆಯುವುದಿಲ್ಲ, ಎರಡರಲ್ಲಿದ್ದರೆ ನೆಗೆಯುತ್ತದೆ. ಆದ್ದರಿಂದ ಬಾಯಿ ನಾಲ್ಕು ಎಂದಿದೆ, ಕೈ ಕೀಲಿ ತಿರುಗಿಸಿಲ್ಲ. ಉಳಿದವರೆಲ್ಲ ಕೆಲಸಕ್ಕೆ ಮರಳಿದರು. ಆ ಕೈಯ ಒಡೆಯ ಸಮವಸ್ತ್ರ ಕಳಚಿದ.

ಆಮೇಲೆ ಅವನು ಬಂದರಿನ ಗೋದಾಮಿನಲ್ಲಿ ಮೂಟೆ ಹೊತ್ತ, ಬೆನ್ನು ಸೋತ ಮೇಲೆ ಅಲ್ಲಿನ ಗೇಟು ಕಾದ. ನಿದ್ದೆಯಲ್ಲಿ ಅಂಕೆ ಕೂಗುವ ಗಂಡನ ಜೊತೆ ಗಿಂಕಾ ಬಹಳ ಕಾಲ ಬಾಳಿದಳು. ಆಮೇಲೆ ಶೂಮೆನ್‌ನಲ್ಲಿದ್ದ ತಂಗಿಯ ಮನೆಗೆ ಹೋದವಳು ಮರಳಲಿಲ್ಲ. ಅದಕ್ಕಾಗಿ ಅವಳನ್ನು ದೂರುವವರು ನಮ್ಮ ಮೆಟ್ಟಿಲ ಬಳಿ ಇದ್ದರು, ನಾನು ಅವರಲ್ಲಿ ಒಬ್ಬಳಲ್ಲ. ನವೆಂಬರ್ ಬಂತೆಂದರೆ ಝೆಲ್ಯಾಸ್ಕೋನ ಅಕ್ಕ ಬಡಾವಣೆಯ ಬಾಗಿಲುಗಳಿಗೆಲ್ಲ ತಮ್ಮನ ಫೋಟೊ ಇರುವ ಮರಣದ ಹಾಳೆ ಅಂಟಿಸುತ್ತಾಳೆ, ಅವನಿಲ್ಲದೆ ಇಷ್ಟು ವರ್ಷ ಎಂದು. ನಮ್ಮ ಬಾಗಿಲನ್ನು ಅವಳು ಒಂದು ವರ್ಷವೂ ಬಿಟ್ಟವಳಲ್ಲ. ಅದು ಮಳೆಗೆ ಕರಗಿ ಬೀಳುವವರೆಗೆ ಸ್ಟಾಮೆನ್ ದಿನಕ್ಕೆ ನಾಲ್ಕಾರು ಸಲ ಅದರ ಮುಂದೆಯೇ ಹಾದುಹೋಗಬೇಕು.

ಅವನಿಗೆ ಬೇಕಾಗಿದ್ದದ್ದು ಒಂದು ತಟ್ಟೆ. ಡಿಸೆಂಬರಿನಲ್ಲಿ ನಾವಿಕರ ಸಂತ ನಿಕೊಲಾಯ್‌ನ ದಿನ ಹಳೆಯ ಸಿಬ್ಬಂದಿಯವರು ಸೇತುವೆಯ ಕೆಳಗಿನ ಹೋಟೆಲೊಂದರಲ್ಲಿ ಕೂಡುತ್ತಾರೆ. ಅಕ್ರೋಟು ತುಂಬಿ ಬೇಯಿಸಿದ ಕಾರ್ಪ್ ಮೀನನ್ನು ವಾಂಗೆಲೊವ್ ತನ್ನ ಕೈಯಿಂದಲೇ ಕೊಯ್ದು, ಒಬ್ಬೊಬ್ಬರ ಹೆಸರು ಹೇಳಿ ತಟ್ಟೆಗೆ ಹಾಕುತ್ತಾನೆ. ಸತ್ತವರ ಹೆಸರಿಗೆ ನೆಲಕ್ಕೆ ವೈನ್ ಚೆಲ್ಲುತ್ತಾನೆ. ಸ್ಟಾಮೆನ್‌ನ ಹೆಸರು ಎರಡೂ ಕಡೆ ಇಲ್ಲ. ಹಳೆಯ ಅಡುಗೆಯವನೊಬ್ಬನ ಮಣ್ಣಿಗೆ ಹೋದಾಗ ಅವನು ವಾಂಗೆಲೊವ್‌ನನ್ನು ಗೋರಿಗಳ ನಡುವೆಯೇ ತಡೆದು, ತನಗೂ ಒಂದು ತಟ್ಟೆ ಯಾಕಿಲ್ಲ ಎಂದು ಕೇಳಿದನಂತೆ. ವಾಂಗೆಲೊವ್ ಟೋಪಿ ತೆಗೆಯದೆ ಉತ್ತರ ಕೊಟ್ಟನಂತೆ: “ನಿನ್ನ ಕೈ ತಪ್ಪಿಲ್ಲ ಅಂತ ತೋರಿಸು. ಮೀನಿನ ತಲೆಭಾಗ ನಾನೇ ನಿನ್ನ ತಟ್ಟೆಗೆ ಹಾಕ್ತೀನಿ.”

ಮುಳುಗಿದ ಟಾರ್ಪಿಡೊ ಸಮುದ್ರದ ತಳದ ಕೆಸರಿನಲ್ಲಿತ್ತು. ತೋರಿಸುವುದಕ್ಕೆ ಏನೂ ಇರಲಿಲ್ಲ. ಆಗ ಅವನಿಗೆ ಆ ಆಟ ಸಿಕ್ಕಿತು.

ಅದು ಜಲಾಂತರ್ಗಾಮಿ ನಡೆಸುವ ಕಂಪ್ಯೂಟರ್ ಆಟ, ಹಿಂದಿನ ಮಹಾಯುದ್ಧದ ಕಾಲದ ಹಡಗುಗಳದ್ದು. ಗಾಳಿ ಎಷ್ಟು, ಅಲೆ ಎಷ್ಟು, ಟಾರ್ಪಿಡೊ ಎಷ್ಟು ಆಳ, ಎಲ್ಲವನ್ನೂ ಆಡುವವನೇ ಹೊಂದಿಸಬಹುದು. ಸಂತೆಯಲ್ಲಿ ಯಾರೋ ಮಾರುತ್ತಿದ್ದ ಹಳೆಯ ಲ್ಯಾಪ್‌ಟಾಪ್ ತಂದು, ಅದರಲ್ಲಿ ಆ ನವೆಂಬರಿನ ಸಮುದ್ರವನ್ನು ಕಟ್ಟಿ, ನಾಲ್ಕು ಮೀಟರ್ ಆಳದ ಟಾರ್ಪಿಡೊಗಳನ್ನು ಬೆಳಗಿನಿಂದ ಸಂಜೆಯವರೆಗೆ ಬಿಡತೊಡಗಿದ. ಸಮುದ್ರ ಶಾಂತವಿದ್ದಾಗ ಎಲ್ಲವೂ ನೆಟ್ಟಗೆ ಹೋದವು. ಒರಟು ಸಮುದ್ರದಲ್ಲಿ ಮೂರಕ್ಕೊಂದು ಕೆಟ್ಟಿತು, ಕೆಲವು ನಡುದಾರಿಯಲ್ಲೇ ಸಿಡಿದವು, ಕೆಲವು ಅಡ್ಡ ತಿರುಗಿದವು. ಅವನು ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ನನ್ನ ಬಾಗಿಲು ತಟ್ಟಿದ. ನಾನು ಕೆಲಸದಲ್ಲಿದ್ದಷ್ಟು ಕಾಲ ಕಪ್ಪು ಸಮುದ್ರದ ಅಲೆಗಳನ್ನು ಅಳೆದವಳು, ಅದು ಅವನಿಗೆ ಗೊತ್ತಿತ್ತು.

“ಪ್ರೊಫೆಸರಮ್ಮ, ನಾಲ್ಕರಲ್ಲೂ ಕೆಡುತ್ತೆ,” ಅಂದ. “ನೀವೇ ನೋಡಿ. ನೋಡಿ ಒಂದು ಮಾತು ಹೇಳಿ, ಸಾಕು. ನಿಮ್ಮ ಮಾತನ್ನ ಕ್ಯಾಪ್ಟನ್ ತೆಗೆದುಹಾಕಲ್ಲ.”

ನಾನು ನೋಡಿದೆ. ಎರಡು ಮೀಟರಿಗೂ ಬಿಡಿಸಿದೆ, ಎಂಟಕ್ಕೂ ಬಿಡಿಸಿದೆ. ಎಲ್ಲ ಆಳದಲ್ಲೂ ಮೂರಕ್ಕೊಂದೇ ಕೆಡುತ್ತಿತ್ತು. ಪರದೆಯ ಮೇಲೆ ಏಳುತ್ತಿದ್ದ ಅಲೆಗೂ ಅದರಡಿ ಓಡುತ್ತಿದ್ದ ಟಾರ್ಪಿಡೊಗೂ ಸಂಬಂಧವೇ ಇರಲಿಲ್ಲ. ಗಾಳಿ ಒಂದು ಅಂಕೆ ದಾಟಿದರೆ ಆಟ ಒಳಗೊಳಗೇ ದಾಳ ಹಾಕುತ್ತಿತ್ತು, ಅಷ್ಟೆ. ಇದು ಸಮುದ್ರವಲ್ಲ, ಪಗಡೆ ಎಂದು ಅವನಿಗೆ ಹೇಳಿದೆ. ಅವನು, ಹಾಗಾದರೆ ಇದನ್ನು ಸಮುದ್ರ ಮಾಡಿಕೊಡಿ ಎಂದು ಕೇಳಿದ.

ದಯೆಯಿಂದ ಒಪ್ಪಿದೆ ಎಂದು ಯಾರೂ ತಿಳಿಯಬಾರದು. ಲೆಕ್ಕ ಚೆನ್ನಾಗಿತ್ತು, ನನಗೆ ಬೇರೆ ಕೆಲಸವಿರಲಿಲ್ಲ. ಆ ಆಟವನ್ನು ಆಡುವವರೇ ತಿದ್ದುವ ಪದ್ಧತಿ ಇದೆ. ಅಂಕೆಗಳು ಒಂದು ಸಾದಾ ಕಡತದಲ್ಲಿರುತ್ತವೆ, ಬದಲಿಸಿ ಉಳಿಸಿದರೆ ಆಟ ಅದರಂತೆ ನಡೆಯುತ್ತದೆ. ಸೋಮವಾರಗಳ ಬೆಳಿಗ್ಗೆ ಅವನು ಬರುತ್ತಿದ್ದ, ನಾನು ಕಾಫಿ ಕಾಸುತ್ತಿದ್ದೆ, ಕೆಲಸಕ್ಕೆ ಕೂರುತ್ತಿದ್ದೆವು.

ಅಲೆಯ ಕೆಳಗೆ ನೀರು ಸುತ್ತು ಸುತ್ತಾಗಿ ಚಲಿಸುತ್ತದೆ, ಕೆಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ. ಟಾರ್ಪಿಡೊ ತನ್ನ ಆಳವನ್ನು ತಿಳಿಯುವುದು ನೀರಿನ ಒತ್ತಡದಿಂದ. ಮೇಲೆ ಅಲೆಯ ದಿಬ್ಬ ಹಾದಾಗ ತಾನು ಆಳಕ್ಕಿಳಿದೆ ಎಂದುಕೊಂಡು ಮೇಲೇರುತ್ತದೆ, ತಗ್ಗು ಹಾದಾಗ ತಾನು ಮೇಲೆ ಬಂದೆ ಎಂದು ಕೆಳಗಿಳಿಯುತ್ತದೆ, ಹೀಗೆ ತೂಗುತ್ತಾ ಹೋಗುತ್ತದೆ. ಅವನು ಹೇಳಿದ ಗಾಳಿ ಅವನು ಹೇಳಿದ ಜಾಗದಲ್ಲಿ ಎಬ್ಬಿಸುವ ಅಲೆ ಸುಮಾರು ಮೂರು ಮೀಟರ್. ಅದರ ತಗ್ಗು ಒಂದೂವರೆ ಮೀಟರ್ ಕೆಳಗಿಳಿಯುತ್ತದೆ. ಎರಡು ಮೀಟರ್ ಆಳದಲ್ಲಿ ಹೋಗುವ ಟಾರ್ಪಿಡೊ ಮೇಲೆ ಆಗ ಉಳಿಯುವುದು ಅರ್ಧ ಮೀಟರ್ ನೀರು. ಒಂದು ತೂಗು ಹೆಚ್ಚಾದರೆ ಬೆನ್ನು ಹೊರಬಿತ್ತು, ಚುಕ್ಕಾಣಿಗೆ ನೀರಿಲ್ಲ, ದಿಕ್ಕು ತಪ್ಪಿತು. ನಾಲ್ಕು ಮೀಟರಿನದ್ದಕ್ಕೆ ಅಂಥ ಭಯ ಕಡಿಮೆ. ಸತತವಾಗಿ ಮೂರು ನಾಲ್ಕು ದೊಡ್ಡ ಅಲೆಗಳು ಸರಿಯಾದ ಅಂತರದಲ್ಲಿ ಬಂದರೆ ಮಾತ್ರ ಅದೂ ನೆಗೆದೀತು. ಅಂಥದ್ದು ಸಮುದ್ರದಲ್ಲಿ ಇಲ್ಲವೆಂದಲ್ಲ, ಅಪರೂಪ.

ಇದನ್ನೆಲ್ಲ ಕಡತಕ್ಕೆ ಹಾಕಿ ಮುಗಿಸುವಷ್ಟರಲ್ಲಿ ಸೆಪ್ಟೆಂಬರ್ ಬಂತು. ಆಟದಲ್ಲಿ ಈಗ ಸಮುದ್ರ ಇತ್ತು. ಎರಡು ಮೀಟರಿಗೆ ಬಿಟ್ಟರೆ ಹೆಚ್ಚಿನವು ಅಲೆಯಿಂದ ನೆಗೆದು ಹಾಳಾದವು. ನಾಲ್ಕಕ್ಕೆ ಬಿಟ್ಟವು ಒಂದಾದ ಮೇಲೊಂದು ಹೋಗಿ ಗುರಿಗೆ ಬಡಿದವು. ನಾನು ಸಮುದ್ರವನ್ನು ನಿಜಕ್ಕೆ ಹತ್ತಿರ ತಂದಷ್ಟೂ ಅದು ವಿಚಾರಣೆಯವರ ಮಾತನ್ನೇ ಆಡಿತು.

ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಹೋದ. ಆ ಶರತ್ಕಾಲವೆಲ್ಲ ನಾಲ್ಕು ಮೀಟರಿನ ಅಪರೂಪದ ಒಂದಕ್ಕಾಗಿ ಕಾದ. ಕಿಟಕಿಯ ಬಳಿ ಹಾದಾಗಲೆಲ್ಲ ಅವನ ತಲೆ ಪರದೆಯ ಬೆಳಕಿನಲ್ಲಿ ಕಾಣುತ್ತಿತ್ತು. ಊಟ ಬಿಟ್ಟ, ಕ್ಷೌರ ಬಿಟ್ಟ. ಪಕ್ಕದ ಮನೆಯ ರಾಡ್ಕಾ ಬಟ್ಟಲಿನಲ್ಲಿ ಹುರುಳಿ ಸಾರು ತಂದಿಟ್ಟರೆ ಅದು ಮರುದಿನ ಕೆನೆಗಟ್ಟಿ ಅಲ್ಲೇ ಇರುತ್ತಿತ್ತು. ಅಪರೂಪದ್ದು ಒಂದೆರಡು ಸಲ ಬಂದಿತ್ತು. ನಾಲ್ಕರಲ್ಲಿ ಬಿಟ್ಟದ್ದು ಅವನ ಕಣ್ಣೆದುರೇ ನೆಗೆಯಿತು. ಆದರೆ ಅದನ್ನು ಮೀನು ಕೊಯ್ಯುವವನ ಮುಂದೆ ಬೇಕೆಂದಾಗ ಬರಿಸುವ ಬಗೆ ಅವನಿಗೆ ತಿಳಿಯಲಿಲ್ಲ.

ನವೆಂಬರಿನ ಕೊನೆಗೆ, ಬಾಗಿಲಿಗೆ ಆ ವರ್ಷದ ಮರಣದ ಹಾಳೆ ಅಂಟಿದ ವಾರ, ಮತ್ತೆ ಮೇಲೆ ಬಂದ. ಕೂರಲಿಲ್ಲ.

“ಅಲೆ ಸ್ವಲ್ಪ ಎತ್ತರ ಮಾಡಿಕೊಡಿ. ನೀವು ಮಾಡಿದ್ರೆ ಕ್ಯಾಪ್ಟನ್ ನಂಬ್ತಾರೆ.”

“ಎಷ್ಟು?”

“ಐದು ಮೀಟರ್. ಐದಾದ್ರೆ ನಾಲ್ಕರದ್ದೂ ನೆಗೆಯುತ್ತೆ, ನಾನು ನೋಡ್ದೆ.”

“ಅವತ್ತು ಐದು ಇತ್ತಾ?”

“ಯಾರಿಗೆ ನೆನಪಿರುತ್ತೆ ಪ್ರೊಫೆಸರಮ್ಮ? ಯಾರು ಹೋಗಿ ಅಳೆದಿದ್ರು?”

“ಮೂರು ಮೀಟರ್ ಎಬ್ಬಿಸೋ ಗಾಳಿ ಹೇಳಿದವನು ನೀನೇ.”

“ನಾನು ಹೇಳಿದ್ದು ಒಂದನ್ನಾದ್ರೂ ನಂಬಿದ್ರಲ್ಲ, ಸಂತೋಷ,” ಅಂದ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಅವನು ಯಾವತ್ತೂ ಆಡದ ದನಿಯಲ್ಲಿ ಕೇಳಿದ: “ಎರಡು ಮೀಟರ್ ನೀರು. ಅಷ್ಟೇ ನಾನು ಕೇಳ್ತಿರೋದು. ನಿಮ್ಮ ಗಂಟೇನು ಹೋಗುತ್ತೆ?”

ಆಗುವುದಿಲ್ಲ ಎಂದೆ. ಅವನು ಬೇಡಿದ. ಅರುವತ್ತು ದಾಟಿದ ಗಂಡಸು ಮೆಟ್ಟಿಲ ಮೇಲೆ ನಿಂತು ಬೇಡುವುದನ್ನು ನೋಡುವುದು ಹಿತವಲ್ಲ. ಆದರೂ ಆಗುವುದಿಲ್ಲ ಎಂದೆ. ಸಮುದ್ರವನ್ನು ಒಬ್ಬನ ಸಂಕಟಕ್ಕೆ ತಕ್ಕಂತೆ ಏರಿಸಿದರೆ ಆಮೇಲೆ ಅದು ಯಾರ ಪರವಾಗಿಯೂ ಸಾಕ್ಷಿ ಹೇಳಲಾರದು. ಹಾಗೆಂದು ಅವನಿಗೆ ವಿವರಿಸಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯದು.

ಸಂತ ನಿಕೊಲಾಯ್‌ನ ದಿನದ ಬೆಳಿಗ್ಗೆ ರಾಡ್ಕಾ ಬಂದು, ಸ್ಟಾಮೆನಣ್ಣ ಕ್ಷೌರ ಮಾಡಿಸಿಕೊಂಡು, ಮದುವೆಯ ಕೋಟು ಹಾಕಿಕೊಂಡು ಸೇತುವೆಯ ಕಡೆ ಹೋದ, ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು, ನೀವೂ ಬರಬೇಕಂತೆ ಎಂದಳು. ಹೋದೆ. ನನ್ನ ಲೆಕ್ಕವನ್ನು ಇನ್ನೊಬ್ಬರು ತೋರಿಸುವಾಗ ನಾನು ಅಲ್ಲಿರಬೇಕು.

ಹೋಟೆಲಿನಲ್ಲಿ ಒಲೆ ಉರಿಯುತ್ತಿತ್ತು. ಉದ್ದನೆಯ ಮೇಜಿನ ತಲೆಯಲ್ಲಿ ವಾಂಗೆಲೊವ್, ಈಗ ತೀರ ಮುದುಕ, ಮುಂದೆ ಇನ್ನೂ ಕೊಯ್ಯದ ಮೀನು. ಮೇಜಿನ ಇನ್ನೊಂದು ತುದಿಯಲ್ಲಿ ಕಾಂಚೋ. ಅವನು ಈಗ ದಡದಲ್ಲಿ ಹುರಿದ ಸಣ್ಣಮೀನು ಮಾರುತ್ತಾನೆ, ಹೊಟ್ಟೆ ಬಂದಿದೆ. ಸ್ಟಾಮೆನ್ ಒಳಗೆ ಬಂದದ್ದು ಕಂಡು ಅವನೇ ಮೊದಲು ಬಾಯಿ ಬಿಟ್ಟ.

“ಏನಪ್ಪಾ ಎರಡು ಮೀಟರ್, ಮೀನು ತಿನ್ನೋಕೆ ಬಂದ್ಯಾ, ಇಲ್ಲ ಅದಕ್ಕೂ ಟಾರ್ಪಿಡೊ ಹೊಡೆಯೋಕಾ?”

ಯಾರೋ ನಕ್ಕರು. ಸ್ಟಾಮೆನ್ ಮೇಜಿನ ಬಳಿಗೆ ಬಂದ. ಬಾಟಲಿಗಳನ್ನು ಸರಿಸಿ ಲ್ಯಾಪ್‌ಟಾಪ್ ಇಟ್ಟ, ಅದರ ವೈರನ್ನು ಗೋಡೆಗೆ ಸಿಕ್ಕಿಸಿದ. ಪ್ರೊಫೆಸರಮ್ಮ ಒಂದು ವರ್ಷ ಕೂತು ಇದರಲ್ಲಿ ನಿಜವಾದ ಸಮುದ್ರ ಹಾಕಿದ್ದಾರೆ, ಆ ದಿನದ್ದೇ, ಎಂದು ಹೇಳಿ ನಾಲ್ಕು ಮೀಟರಿಗೆ ಇಟ್ಟು ಬಿಟ್ಟ. ಟಾರ್ಪಿಡೊ ಅಲೆಯಿಂದ ನೆಗೆದು ಪಕ್ಕಕ್ಕೆ ಬಿತ್ತು. ಮತ್ತೆ ಬಿಟ್ಟ. ಮತ್ತೆ ನೆಗೆಯಿತು. ಮುದುಕರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಒಬ್ಬ ಸ್ಟಾಮೆನ್‌ನ ಹೆಗಲ ಮೇಲೆ ಕೈ ಇಟ್ಟ. ಐದಾರು ಬಿಟ್ಟ. ವಾಂಗೆಲೊವ್ ಚಾಕು ಎತ್ತಿಕೊಂಡದ್ದನ್ನೂ ಖಾಲಿ ತಟ್ಟೆಗಾಗಿ ಹುಡುಕಿದ್ದನ್ನೂ ನಾನು ನೋಡಿದೆ. ಸ್ಟಾಮೆನ್ ಆ ಚಾಕುವನ್ನೇ ನೋಡುತ್ತಿದ್ದ.

ಆದರೆ ವಾಂಗೆಲೊವ್ ಸಮುದ್ರ ಕಂಡವನು. ಪರದೆಯ ಕಡೆ ಮತ್ತೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ನನ್ನ ಕಡೆ ತಿರುಗಿದ.

“ಪ್ರೊಫೆಸರ್ ಅವರೇ, ಇಲ್ಲಿ ಅಲೆ ಎಷ್ಟಿದೆ?”

“ಐದು,” ಎಂದೆ.

“ಅವತ್ತು?”

ಸ್ಟಾಮೆನ್ ನನ್ನ ಮುಖ ನೋಡಲಿಲ್ಲ. ಮೇಜಿನ ಬಟ್ಟೆಯನ್ನು ಬೆರಳಿನಿಂದ ಸವರುತ್ತಿದ್ದ.

“ಮೂರು.”

ವಾಂಗೆಲೊವ್ ಚಾಕುವನ್ನು ಮೀನಿನ ಪಕ್ಕಕ್ಕಿಟ್ಟ. ಅಲೆ ಐದಿದ್ದಿದ್ದರೆ ತಾನು ಬಿಡಲು ಹೇಳುತ್ತಲೇ ಇರಲಿಲ್ಲ, ಎಲ್ಲರೂ ಬಂದರಿಗೆ ಮರಳುತ್ತಿದ್ದೆವು, ಝೆಲ್ಯಾಸ್ಕೋ ಇಲ್ಲಿ ಕೂತು ಮೀನು ತಿನ್ನುತ್ತಿದ್ದ, ಎಂದ. ಗಟ್ಟಿಯಾಗಿ ಹೇಳಲಿಲ್ಲ. ಸ್ಟಾಮೆನ್ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡು ಹೊರಗೆ ಹೋದ. ಅವನ ಹೆಗಲ ಮೇಲಿದ್ದ ಕೈ ಯಾವಾಗಲೋ ಹಿಂದೆ ಹೋಗಿತ್ತು. ಕಾಂಚೋ ಯಾವ ತಮಾಷೆಯನ್ನೂ ಮಾಡಲಿಲ್ಲ. ತನ್ನ ಲೋಟ ಖಾಲಿ ಮಾಡಿ, ಮೇಲಂಗಿ ಹಾಕಿಕೊಳ್ಳದೆ ಅವನ ಹಿಂದೆ ಎದ್ದುಹೋದ.

ವೈರು ಗೋಡೆಯಲ್ಲೇ ಉಳಿದಿತ್ತು. ಅದನ್ನು ಕಿತ್ತುಕೊಂಡು ನಾನೂ ಹೊರಬಂದೆ. ಎಳೆದಿಟ್ಟ ದೋಣಿಗಳ ನಡುವೆ ಇಬ್ಬರೂ ನಿಂತಿದ್ದರು, ಗಾಳಿ ಅವರ ಮಾತನ್ನು ನನ್ನ ಕಡೆಗೇ ತರುತ್ತಿತ್ತು.

“ನೀನು ಮುಳ್ಳು ನೋಡಿದ್ದೆ,” ಎನ್ನುತ್ತಿದ್ದ ಸ್ಟಾಮೆನ್. “ನಾಲ್ಕರ ಮೇಲಿತ್ತು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಇಷ್ಟು ವರ್ಷ ಕಣೋ. ಒಂದು ಮಾತು.”

ಕಾಂಚೋ ತಲೆ ತಗ್ಗಿಸಿದ್ದ. “ನೋಡ್ಲಿಲ್ಲ ಸ್ಟಾಮೆನಣ್ಣ.”

“ಏನು?”

“ವಾಂತಿ ಬರ್ತಿತ್ತು. ಬಕೆಟ್‌ನಲ್ಲಿ ತಲೆ ಇಟ್ಕೊಂಡಿದ್ದೆ. ನೀನು ನಾಲ್ಕು ಅಂದೆ, ನಾನೂ ನಾಲ್ಕು ಅಂದೆ. ಯಾವತ್ತು ನೋಡಿ ಹೇಳಿದ್ದೀವಿ ನಾವು? ಎಲ್ರೂ ಹಾಗೇ ಹೇಳ್ತಿದ್ವಲ್ಲ.”

“ವಿಚಾರಣೇಲಿ ಹೇಳ್ಲಿಲ್ಲ ನೀನು.”

“ಏನು ಕೂಗಿದೆ ಅಂತ ಕೇಳಿದ್ರು, ಹೇಳ್ದೆ. ನೋಡಿದ್ಯಾ ಅಂತ ಯಾರೂ ಕೇಳ್ಲಿಲ್ಲ.” ಅವನು ಮೂಗು ಒರೆಸಿಕೊಂಡ. “ಈಗ ಒಳಗೆ ಬಾ. ಎಲ್ಲರ ಮುಂದೆ ನಾಲ್ಕಿತ್ತು, ನೋಡಿದ್ದೆ ಅಂತೀನಿ. ದೇವರಾಣೆ ಹಾಕಿ ಹೇಳ್ತೀನಿ. ತಟ್ಟೆ ಹಾಕಿಸ್ತೀನಿ ನಿನಗೆ.”

ಸ್ಟಾಮೆನ್ ದೋಣಿಯ ಅಂಚನ್ನು ಹಿಡಿದುಕೊಂಡ. ಕಾಂಚೋ ಚಳಿಗೆ ನಡುಗುತ್ತಾ ಕಾದ.

“ಬೇಡ,” ಅಂದ ಸ್ಟಾಮೆನ್ ಕೊನೆಗೆ. “ನಾಲ್ಕು ಅಂದದ್ದು ನನಗೆ ನೆನಪಿದೆ. ತಿರುಗಿಸಿದ್ದು ನೆನಪಿಲ್ಲ ಕಾಂಚೋ. ನೀನು ನೋಡಿರ್ತೀಯ ಅಂದ್ಕೊಂಡಿದ್ದೆ.”

ಅವನು ದಡದ ದಾರಿ ಹಿಡಿದು ಹೋದ. ಕಾಂಚೋ ಒಳಗೆ ಹೋಗದೆ ಅಲ್ಲೇ ನಿಂತ. ನಾನು ವೈರನ್ನು ಸುತ್ತಿ ಚೀಲದಲ್ಲಿ ಹಾಕಿಕೊಂಡೆ.

ಆ ವಾರ ಅವನ ಕಿಟಕಿಯಲ್ಲಿ ಬೆಳಕಿರಲಿಲ್ಲ. ರಾಡ್ಕಾ ಬಾಗಿಲು ತಟ್ಟಿ, ಒಳಗೆ ಕೆಮ್ಮು ಕೇಳಿಸಿತೆಂದು ಸಮಾಧಾನಪಟ್ಟು ಬಂದಳು. ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಮೇಲೆ ಬಂದ. ಕಡತದಲ್ಲಿ ತಾನು ಬದಲಿಸಿದ ಅಂಕೆಯನ್ನು ತೋರಿಸಿ, ಮೊದಲಿದ್ದಂತೆ ಮಾಡಿ ಎಂದ. ಮಾಡಿದೆ. ಅವನು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

“ಎರಡರಲ್ಲಿ ಬಿಟ್ಟದ್ದೂ ಕೆಲವು ನೆಟ್ಟಗೆ ಹೋಗ್ತಾವೆ ಅಲ್ವಾ?”

“ಕೆಲವು.”

“ನಾಲ್ಕರದ್ದು ಕೆಲವು ನೆಗೆಯುತ್ತವೆ.”

“ಕೆಲವೇ ಕೆಲವು.”

“ಅವತ್ತಿನದು ಯಾವುದು ಅಂತ ಇದು ಹೇಳೋದಿಲ್ಲ.”

“ಇದಕ್ಕೆ ಗೊತ್ತಿಲ್ಲ,” ಎಂದೆ. “ನನಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗೋದಿಲ್ಲ.”

ಅವನು ಕಾಫಿ ಮುಟ್ಟಲಿಲ್ಲ. ಆಟವನ್ನು ತೆರೆದ. ಪರದೆಯ ಮೇಲೆ ಮೂರು ಮೀಟರಿನ ಬೂದು ಸಮುದ್ರ ಏಳುತ್ತಾ ಬೀಳುತ್ತಾ ಇತ್ತು. ಆಳದ ಮುಳ್ಳು ಎರಡರ ಮೇಲಿತ್ತು. ಅವನು ಅದನ್ನು ತಿರುಗಿಸಿ, ಕೈ ತೆಗೆದು, ಹಿಂದಕ್ಕೆ ಸರಿದು ಕೂತ. “ನಾಲ್ಕು,” ಎಂದು ಕೂಗಿದ. ನನ್ನ ಅಡುಗೆಮನೆಗೆ ಅದು ದೊಡ್ಡ ದನಿ.

“ನೋಡಿ ಹೇಳಿ,” ಅಂದ.

ನಾನು ಕನ್ನಡಕ ಹಾಕಿಕೊಂಡು, ಬಗ್ಗಿ, ಮುಳ್ಳನ್ನು ನೋಡಿದೆ.

“ನಾಲ್ಕು,” ಎಂದೆ.

ಟಾರ್ಪಿಡೊ ಅಲೆಗಳ ಅಡಿಯಲ್ಲಿ ಎಲ್ಲೂ ತಲೆ ಎತ್ತದೆ ಹೋಗಿ ಗುರಿಗೆ ಬಡಿಯಿತು. ಅವನು ಅದನ್ನು ನೋಡುತ್ತಾ ಕೂತಿದ್ದ. ಆಮೇಲೆ ಮುಳ್ಳನ್ನು ಮತ್ತೆ ಎರಡಕ್ಕೆ ತಂದಿಟ್ಟ.

“ಇನ್ನೊಂದು ಸಲ,” ಅಂದ.